ಗಿಟಾರಿಗೆ ಉದ್ಧಾರಕ ಬೇಕಿತ್ತೇ?

ಕ್ಲಾಸಿಕಲ್ ಗಿಟಾರ್ ಕಲಿಯಲು ಕೂತವರಿಗೆಲ್ಲ ಮೊದಮೊದಲ ಪಾಠಗಳ ಜೊತೆಗೇ ಒಂದು ಕಥೆಯೂ ಸಿಗುತ್ತದೆ. ಸ್ಪೇನಿನ ಹೆಂಡದಂಗಡಿಗಳಲ್ಲಿ ಕುಣಿತಕ್ಕೆ ತಾಳ ಹಾಕಿಕೊಂಡು ಬಿದ್ದಿದ್ದ ಒಂದು ವಾದ್ಯವನ್ನು ಆಂದ್ರೆಸ್ ಸೆಗೋವಿಯ ಎಂಬ ಆಂದಲೂಸಿಯದ ಯುವಕ, ಯಾವ ಗುರುವಿನ ಹಂಗೂ ಇಲ್ಲದೆ, ಒಬ್ಬನೇ ಮೇಲೆತ್ತಿ ಜಗತ್ತಿನ ದೊಡ್ಡ ಸಭಾಂಗಣಗಳ ವೇದಿಕೆಯಲ್ಲಿ ಕೂರಿಸಿದ. ಅವನಿಗಿಂತ ಮೊದಲು ಕತ್ತಲು, ಅವನಿಂದಾಚೆಗೆ ಬೆಳಕು. ರೆಕಾರ್ಡಿನ ಹೊದಿಕೆಯ ಹಿಂದೆ, ಪರೀಕ್ಷೆಯ ಟಿಪ್ಪಣಿಗಳಲ್ಲಿ, ಮೇಷ್ಟರ ಬಾಯಲ್ಲಿ ಅದು ಎಷ್ಟು ಸಲ ಬಂದಿದೆಯೆಂದರೆ ಈಗ ಅದನ್ನು ಯಾರೂ ವಾದವೆಂದು ಕೇಳಿಸಿಕೊಳ್ಳುವುದಿಲ್ಲ. ಇಲ್ಲಿ ಅದನ್ನು ವಾದವೆಂದೇ ಹಿಡಿದು ಎದುರಿಸಬೇಕೆಂದಿದ್ದೇನೆ.

ತಕರಾರು ಬರೀ ಇತಿಹಾಸದ್ದಾಗಿದ್ದರೆ ವಿದ್ವಾಂಸರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಈ ಕಥೆ ಕಲಿಯುವವರ ಬೆರಳಿಗೆ ಇಳಿದಿದೆ. ಯಾವ ಕೃತಿ ಮೊದಲು, ಯಾವುದು ಆಮೇಲೆ, ಯಾವ ಸ್ವರವನ್ನು ಯಾವ ತಂತಿಯ ಮೇಲೆ ಹಿಡಿಯಬೇಕು, ಎಷ್ಟು ಜೋರಾಗಿ ಮೀಟಬೇಕು, ಕೊನೆಗೆ ಯಾರಿಗಾಗಿ ನುಡಿಸಬೇಕು ಎಂಬುದನ್ನೆಲ್ಲ ಒಳಗಿನಿಂದ ಅದೇ ತೀರ್ಮಾನಿಸುತ್ತಿದೆ. ನನ್ನ ವಾದ ಇಷ್ಟು: ಗಿಟಾರಿನ ಸಾಹಿತ್ಯದ, ತಂತ್ರದ, ನಾದದ ಬಹುಪಾಲು ಹುಟ್ಟಿದ್ದು ಕೋಣೆಯಲ್ಲಿ, ಕೋಣೆಗಾಗಿ. ಉದ್ಧಾರದ ಕಥೆ ಆ ಕೋಣೆಯನ್ನು ಒಂದು ಕೊರತೆಯೆಂದು ಬಗೆಯುತ್ತದೆ. ಸೆಗೋವಿಯನ ದೊಡ್ಡತನವನ್ನು ಪೂರ್ತಿ ಒಪ್ಪಿಕೊಂಡೇ ಹೇಳುತ್ತೇನೆ, ಆ ಎಣಿಕೆ ತಪ್ಪು. ಅದರ ಬೆಲೆಯನ್ನು ಇಂದಿಗೂ ತೆರುತ್ತಿರುವವರು ಕಲಿಯುವವರು.

ಮೊದಲು ಆ ಕತ್ತಲೆಯ ಮಾತು. 1808ರಲ್ಲಿ ವಿಯೆನ್ನಾದಲ್ಲಿ ಮೌರೊ ಜೂಲಿಯಾನಿ ಗಿಟಾರ್ ಮತ್ತು ಆರ್ಕೆಸ್ಟ್ರಾಕ್ಕೆಂದು ತಾನೇ ಬರೆದ ಕನ್ಸರ್ಟೊವನ್ನು ಸಭಿಕರೆದುರು ನುಡಿಸಿದ. 1817ರಲ್ಲಿ ಬಾರ್ಸೆಲೋನದ ಫರ್ನಾಂದೊ ಸೋರ್ ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿಯ ವೇದಿಕೆಯಲ್ಲಿ ಗಿಟಾರ್ ಹಿಡಿದು ಕೂತ. ಅದೇ ಸೋರ್ ಬರೆದ 'ಸಾಂದ್ರಿಯೋಂ' ಬ್ಯಾಲೆ 1825ರಲ್ಲಿ ಮಾಸ್ಕೋದ ಬೊಲ್ಶೊಯ್ ರಂಗಮಂದಿರದ ಆರಂಭೋತ್ಸವದಲ್ಲಿ ಪ್ರದರ್ಶನಗೊಂಡಿತು. ಇವರು ಯಾರೂ ಹೆಂಡದಂಗಡಿಯ ಗಿರಾಕಿಗಳಲ್ಲ. ಅವರ ಕೃತಿಗಳನ್ನು ಅಚ್ಚು ಹಾಕಿ ಮಾರುತ್ತಿದ್ದ ಪ್ರಕಾಶಕರಿದ್ದರು, ಕೊಂಡು ಮನೆಯಲ್ಲಿ ನುಡಿಸುವ ಜನರಿದ್ದರು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಅದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧ. ಆಮೇಲೆ ಮನೆಮನೆಗೆ ಪಿಯಾನೊ ಬಂತು, ಸಭಾಂಗಣಗಳು ಹಿಗ್ಗಿದವು, ಆರ್ಕೆಸ್ಟ್ರಾ ಬೆಳೆಯಿತು, ಗಿಟಾರಿನ ದನಿ ಮುಳುಗಿತು. ಇದರಲ್ಲಿ ನಿಜವಿದೆ. ಆದರೆ ಮುಳುಗಿದ್ದು ಸಭಾಂಗಣದಲ್ಲಿ. ಅದೇ ಮುಳುಗಿದ ದಿನಗಳಲ್ಲಿ ಆಲ್ಮೆರಿಯದ ಬಡಗಿ ಆಂತೋನಿಯೊ ದೆ ತೋರ್ರೆಸ್ ಇಂದಿನ ಗಿಟಾರಿನ ಅಳತೆ, ಆಕಾರ, ಒಳಗಿನ ಪಟ್ಟಿಗಳ ವಿನ್ಯಾಸವನ್ನು ನಿಲ್ಲಿಸಿದ. ಅದೇ ದಿನಗಳಲ್ಲಿ ಫ್ರಾನ್ಸಿಸ್ಕೊ ತಾರೆಗ ಮಿತ್ರರ ಮನೆಗಳ ಚಿಕ್ಕ ಕೂಟಗಳಲ್ಲಿ ನುಡಿಸುತ್ತ, ಶಿಷ್ಯರಿಗೆ ಕಲಿಸುತ್ತ, ಎಡಗೈಯಿಂದ ಬಣ್ಣ ಹುಟ್ಟಿಸುವ ಒಂದು ಹೊಸ ಕ್ರಮವನ್ನೇ ಕಟ್ಟಿದ. ಒಂದು ವಾದ್ಯದ ದೇಹವೂ ಕೈಯೂ ಮರುಹುಟ್ಟು ಪಡೆದ ಕಾಲವನ್ನು ಕತ್ತಲೆಯ ಕಾಲವೆನ್ನಬೇಕಾದರೆ, ಟಿಕೆಟ್ಟು ಮಾರಾಟವಾಗುವ ಜಾಗವನ್ನು ಮಾತ್ರ ಬೆಳಕೆಂದು ಒಪ್ಪಿಕೊಂಡಿರಬೇಕು.

ಗುರುವಿಲ್ಲದ ವಿದ್ಯೆಯ ಮಾತೂ ಅಷ್ಟೇ. ಸೆಗೋವಿಯ 1893ರಲ್ಲಿ ಲಿನಾರೆಸ್‌ನಲ್ಲಿ ಹುಟ್ಟಿದ. ತಾರೆಗ 1909ರಲ್ಲಿ ತೀರಿಕೊಂಡ, ಇಬ್ಬರೂ ಭೇಟಿಯಾಗಲಿಲ್ಲ. ಆದರೆ ತಾರೆಗನ ಶಿಷ್ಯ ಮಿಗೆಲ್ ಲ್ಯೊಬೆತ್ ಬಾರ್ಸೆಲೋನದಲ್ಲಿದ್ದ, ಯುರೋಪು, ಅಮೆರಿಕಗಳಲ್ಲಿ ಕಛೇರಿ ಕೊಟ್ಟು ಬಂದಿದ್ದ. ಯುವಕ ಸೆಗೋವಿಯ ಅವನ ಒಡನಾಟದಲ್ಲಿದ್ದ. ಇಬ್ಬರ ಹಳೆಯ ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿದರೆ ಸಾಕು: ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರಿ ಹೋಗುವ ರೀತಿ, ರಾಗದ ಎಳೆಯನ್ನು ಮೊದಲ ತಂತಿಯಿಂದ ತೆಗೆದು ಎರಡನೆಯ, ಮೂರನೆಯ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಹಿಡಿದು ದಪ್ಪಗೊಳಿಸುವ ರೀತಿ, ಎರಡೂ ಒಂದೇ ಮನೆತನದವು. ಸೆಗೋವಿಯ 1976ರ ತನ್ನ ಆತ್ಮಕಥೆಯಲ್ಲಿ ಈ ಋಣವನ್ನು ಸಲ್ಲಿಸುವುದಕ್ಕೆ ತುಂಬ ಜಿಪುಣತನ ತೋರಿಸುತ್ತಾನೆ. ಕಲಾವಿದನಿಗೆ ಅಷ್ಟು ಅಹಂಕಾರ ಇರಬಹುದು ಬಿಡಿ. ನಾವು ಅದನ್ನೇ ಇತಿಹಾಸವೆಂದು ಪಾಠ ಮಾಡಬೇಕಾಗಿಲ್ಲ.

ಈಗ ಆತನ ಪರವಾಗಿ ಹೇಳಲೇಬೇಕಾದದ್ದು. 1927ರಿಂದ ಎಚ್‌ಎಂವಿಗೆ ಸೆಗೋವಿಯ ಕೊಟ್ಟ ಮುದ್ರಿಕೆಗಳನ್ನು ಕೇಳುವಾಗ ನನ್ನ ವಾದಗಳೆಲ್ಲ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಳ್ಳುತ್ತವೆ. ಉಗುರೂ ಮಾಂಸವೂ ಒಟ್ಟಿಗೆ ತಂತಿಯನ್ನು ಬಿಡುವ ಆ ದುಂಡಗಿನ ನಾದ, ಒಂದು ಸಾಲಿನ ಕೊನೆಯ ಸ್ವರವನ್ನು ಇನ್ನೇನು ಬಿಟ್ಟೇಬಿಟ್ಟ ಎನ್ನುವಷ್ಟು ತಡೆದು ಕೊಡುವ ಧೈರ್ಯ ಬೇರೆ ಯಾರಿಗೂ ಬಂದಿಲ್ಲ. 1935ರಲ್ಲಿ ಪ್ಯಾರಿಸ್ಸಿನಲ್ಲಿ ಬಾಖ್‌ನ ಶಕೋನ್ ಎತ್ತಿಕೊಂಡದ್ದು ಸಣ್ಣ ಸಾಹಸವಲ್ಲ. ಪೊನ್ಸೆ, ತೊರ್ರೋಬ, ತುರಿನ, ಕಾಸ್ಟೆಲ್‌ನೂವೊ-ಟೆಡೆಸ್ಕೊ ಈ ರಚನಕಾರರಿಂದ ಆತ ಬರೆಸಿಕೊಂಡದ್ದಿಲ್ಲದೆ ಇಂದಿನ ಕಛೇರಿ ನಡೆಯುವುದಿಲ್ಲ. ಕರುಳಿನ ತಂತಿ ಸಿಗದೆ ಪರದಾಡುತ್ತಿದ್ದ ಯುದ್ಧದ ವರ್ಷಗಳ ನಂತರ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನ್ ತಂತಿ ಮಾಡಿದಾಗ ಅದರ ಬೆನ್ನಿಗೆ ನಿಂತವನೂ ಆತನೇ. ಸಾವಿರಾರು ಜನರ ಸಭಾಂಗಣದಲ್ಲಿ ಮೈಕು ಬೇಡವೆಂದು ಹಟ ಹಿಡಿದು, ನೀವೇ ಸದ್ದು ಮಾಡದೆ ಕೇಳಿ ಎಂದು ಜನರನ್ನು ತನ್ನ ದನಿಯ ಅಳತೆಗೆ ತಗ್ಗಿಸಿದ. ಗಮನಿಸಿ: ಆತ ಮಾಡಿದ್ದು ಸಭಾಂಗಣವನ್ನೇ ಕೋಣೆಯಾಗಿಸುವ ಕೆಲಸ. ಆತನ ಹೆಸರಿನಲ್ಲಿ ಬೆಳೆದ ಪಂಥ ಇದನ್ನೇ ತಲೆಕೆಳಗು ಮಾಡಿಕೊಂಡಿತು.

ಆದರೆ ಉದ್ಧಾರಕನಿಗೆ ಇನ್ನೊಂದು ಅಧಿಕಾರವೂ ತಾನಾಗಿ ಬರುತ್ತದೆ. ಯಾವುದು ಉದ್ಧಾರಕ್ಕೆ ಯೋಗ್ಯ, ಯಾವುದು ಅಲ್ಲ ಎಂದು ಅವನೇ ನಿರ್ಧರಿಸುತ್ತಾನೆ. ಸ್ವಿಸ್ ಸಂಗೀತ ರಚನಕಾರ ಫ್ರಾಂಕ್ ಮಾರ್ಟಿನ್ 1933ರಲ್ಲಿ ಸೆಗೋವಿಯನಿಗಾಗಿ ನಾಲ್ಕು ಚಿಕ್ಕ ಕೃತಿಗಳನ್ನು ಬರೆದ. ಸೆಗೋವಿಯ ಅವನ್ನು ನುಡಿಸಲಿಲ್ಲ. ಇಂದು ಇಪ್ಪತ್ತನೆಯ ಶತಮಾನದ ಗಿಟಾರ್ ಸಾಹಿತ್ಯದ ಯಾವ ಗಂಭೀರ ಪಟ್ಟಿಯೂ ಅವನ್ನು ಬಿಟ್ಟು ನಿಲ್ಲುವುದಿಲ್ಲ. ವಿಲ್ಲಾ-ಲೋಬೋಸ್ ತನ್ನ ಹನ್ನೆರಡು ಎಟ್ಯೂಡ್‌ಗಳನ್ನು (ಅಭ್ಯಾಸಕೃತಿಗಳನ್ನು) ಸೆಗೋವಿಯನಿಗೆ ಅರ್ಪಿಸಿದ; ಆತ ಎತ್ತಿಕೊಂಡದ್ದು ಕೆಲವನ್ನಷ್ಟೇ. ಪರಾಗ್ವೆಯ ಅಗಸ್ಟಿನ್ ಬಾರಿಯೋಸ್ ಎಂಬ ಮಹಾ ಗಿಟಾರ್‌ವಾದಕ ಸೆಗೋವಿಯನಿಗಿಂತ ವರ್ಷಗಳ ಮೊದಲೇ ಧ್ವನಿಮುದ್ರಣ ಮಾಡಿದ್ದ, 1921ರಲ್ಲಿ 'ಲಾ ಕಾತೆದ್ರಾಲ್' ಬರೆದಿದ್ದ. ಅವನ ಒಂದು ಕೃತಿಯೂ ಸೆಗೋವಿಯನ ಕಛೇರಿಗಳ ಭಾಗವಾಗಲಿಲ್ಲ. 1977ರಲ್ಲಿ ಗಿಟಾರ್‌ವಾದಕ ಜಾನ್ ವಿಲಿಯಮ್ಸ್ ಒಂದು ಇಡೀ ರೆಕಾರ್ಡನ್ನು ಬಾರಿಯೋಸ್‌ಗೇ ಮೀಸಲಿಟ್ಟ ಮೇಲೆ ಜಗತ್ತಿಗೆ ಅವನು ಮತ್ತೆ ಕಂಡ. ಬ್ರಿಟನ್, ವಾಲ್ಟನ್, ಹೆಂಜೆ ಇಂಥ ರಚನಕಾರರಿಂದ ಬರೆಸಿದವನು ಜೂಲಿಯನ್ ಬ್ರೀಮ್ ಎಂಬ ಇನ್ನೊಬ್ಬ ಗಿಟಾರ್‌ವಾದಕ. ಗಿಟಾರಿಗೆ ಬಂದ ಮೊದಲ ಮಹತ್ವದ ಆಧುನಿಕ ಕೃತಿ, ಡೆಬ್ಯುಸಿಯ ಸ್ಮರಣೆಗೆ ಮಾನುವೆಲ್ ದೆ ಫಾಯ 1920ರಲ್ಲಿ ಬರೆದದ್ದು, ಲ್ಯೊಬೆತ್ ಕೇಳಿಕೊಂಡದ್ದರ ಫಲ.

ಪ್ರತಿ ಕಲಾವಿದನಿಗೂ ತನ್ನ ಅಭಿರುಚಿ ಇರುತ್ತದಲ್ಲವೇ ಎಂದು ಕೇಳಬಹುದು. ಖಂಡಿತ. ಸೆಗೋವಿಯನಿಗೆ ಹಾಡುವ ರಾಗ ಬೇಕಿತ್ತು, ಸ್ಪೇನಿನ ನೆನಪು ಬೇಕಿತ್ತು, ಹಾರ್ಮನಿ ಒಂದು ಗೆರೆ ದಾಟಬಾರದಿತ್ತು. ಅದು ಅಭಿರುಚಿಯಾಗಿ ಉಳಿದಿದ್ದರೆ ನನಗೆ ಜಗಳವಿರಲಿಲ್ಲ. ಉದ್ಧಾರದ ಕಥೆ ಅದನ್ನು ವಾದ್ಯದ ಸ್ವಭಾವವೆಂದೇ ಬಿಂಬಿಸಿತು. ಒಬ್ಬ ವ್ಯಕ್ತಿಯ ಇಷ್ಟ ಒಂದು ಇಡೀ ಪಠ್ಯಕ್ರಮವಾಯಿತು.

ಆ ಪಠ್ಯಕ್ರಮದ ತಿರುಳು 1945ರಲ್ಲಿ ಸೆಗೋವಿಯ ಸಂಪಾದಿಸಿ ಕೊಟ್ಟ ಸೋರ್‌ನ ಇಪ್ಪತ್ತು ಎಟ್ಯೂಡ್‌ಗಳು. ಗಿಟಾರ್ ಕಲಿತವರ ಮನೆಯಲ್ಲಿ ಈ ಪುಸ್ತಕ ಇಲ್ಲದಿರುವುದು ಅಪರೂಪ. ಮೂಲ ಕೃತಿಯ ಸಂಖ್ಯೆ ಮರೆತುಹೋಗಿ 'ಸೆಗೋವಿಯಾ ನಂಬರ್ ಐದು' ಎಂದೇ ಜನ ಕರೆಯುವಷ್ಟು ಇದು ಒಳಗಿಳಿದಿದೆ. ಇದನ್ನು ಹತ್ತಿರದಿಂದ ನೋಡೋಣ.

ಸೋರ್ ಕಲಿಯುವವರಿಗೆಂದು ಬರೆದ ಆರು ಸಂಕಲನಗಳಿವೆ: ಓಪಸ್ 6, 29, 31, 35, 44, 60. ಒಟ್ಟು 121 ಕೃತಿಗಳು. ಸೆಗೋವಿಯ ಆರಿಸಿದ ಇಪ್ಪತ್ತರಲ್ಲಿ ಹನ್ನೆರಡು ಅತ್ಯಂತ ಕಠಿಣವಾದ ಓಪಸ್ 6 ಮತ್ತು 29ರಿಂದ ಬಂದವು. ಓಪಸ್ 31ರ ಇಪ್ಪತ್ನಾಲ್ಕು ಪಾಠಗಳಲ್ಲಿ ನಾಲ್ಕನ್ನು ತೆಗೆದುಕೊಂಡಿದ್ದಾನೆ. ಅವುಗಳಲ್ಲಿ ಎಲ್ಲಕ್ಕಿಂತ ಮೊದಲಿನದು ಹದಿನಾರನೆಯದು. ಓಪಸ್ 35ರ ಇಪ್ಪತ್ನಾಲ್ಕರಿಂದಲೂ ನಾಲ್ಕೇ, ಮೊದಲಿನದು ಹದಿಮೂರನೆಯದು. ಓಪಸ್ 44 ಮತ್ತು 60ರಿಂದ ಒಂದೂ ಇಲ್ಲ. ಅಂದರೆ ಸೋರ್ ಕಟ್ಟಿದ ಏಣಿಯ ಕೆಳಗಿನ ಅರ್ಧವನ್ನು ಕತ್ತರಿಸಿ ಮೇಲಿನರ್ಧವನ್ನು ಕಲಿಯುವವರ ಕೈಗೆ ಕೊಟ್ಟದ್ದು. ಕಛೇರಿಯಲ್ಲಿ ನುಡಿಸಲು ಒದಗುವ, ಸಭಿಕರಿಗೆ ರುಚಿಸುವ ಎಟ್ಯೂಡ್‌ಗಳನ್ನು ಆರಿಸುವುದು ಕಛೇರಿಯ ಕಲಾವಿದನ ದೃಷ್ಟಿಯಿಂದ ಸಹಜ. ಆ ಆಯ್ಕೆಯನ್ನೇ ಸೋರ್‌ನ ಬೋಧನೆಯ ಸಾರವೆಂದು ಮೂರು ತಲೆಮಾರು ನಂಬಿದ್ದು ಸಹಜವಲ್ಲ.

ಆ 'ನಂಬರ್ ಐದು' ಬಿ ಮೈನರ್‌ನ ಕೃತಿ, ಓಪಸ್ 35ರ ಇಪ್ಪತ್ತೆರಡನೆಯದು. ಸೋರ್ ಈ ಸಂಕಲನಕ್ಕೆ ಕೊಟ್ಟ ಹೆಸರೇ 'ಬಹಳ ಸುಲಭವಾದ ಅಭ್ಯಾಸಗಳು'. ಗತಿ ಅಲ್ಲೆಗ್ರೆಟ್ಟೊ, ತಕ್ಕಮಟ್ಟಿಗೆ ಚುರುಕಾದದ್ದು. ಇಂದು ಬಹುಪಾಲು ಜನ ಅದನ್ನು ನಿಟ್ಟುಸಿರಿನಂತೆ ನಿಧಾನವಾಗಿ ನುಡಿಸುತ್ತಾರೆ. ಬೆಳದಿಂಗಳಿನ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಎರಡನೆಯ ಫ್ರೆಟ್‌ನಲ್ಲಿ ಬಾರೆ ಹಿಡಿದು, ಅಂದರೆ ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಿ, ಶುರುಮಾಡಿದರೆ ಕಾಗದದ ಮೇಲೆ ಮೂರು ಎಳೆಗಳು ಕಾಣುತ್ತವೆ: ಮೇಲೆ ರಾಗ, ಕೆಳಗೆ ಮಂದ್ರ, ನಡುವೆ ತುಂಬಿಕೊಂಡು ಹರಿಯುವ ಸ್ವರಗಳು. ಮಂದ್ರ ಸ್ವರವನ್ನು ಎಷ್ಟು ಹೊತ್ತು ಹಿಡಿದಿರಬೇಕೆಂದು ಸೋರ್ ಲೆಕ್ಕ ಹಾಕಿ ಬರೆದಿದ್ದಾನೆ. ನಿಧಾನ ಗತಿಯಲ್ಲಿ ನುಡಿಸಿದಾಗ ಏನಾಗುತ್ತದೆಂದರೆ, ಗಿಟಾರಿನ ಸ್ವರ ಮೀಟಿದ ಕ್ಷಣದಿಂದಲೇ ಸಾಯತೊಡಗುವುದರಿಂದ, ಮುಂದಿನದು ಹುಟ್ಟುವ ಹೊತ್ತಿಗೆ ಹಿಂದಿನದು ಉಳಿದಿರುವುದಿಲ್ಲ. ರಾಗವಾಗಬೇಕಾದದ್ದು ಬಿಡಿಬಿಡಿ ಹನಿಯಾಗುತ್ತದೆ. ಆಗ ನುಡಿಸುವವರು ಮೇಲಿನ ಸ್ವರಗಳನ್ನು ಉಂಗುರಬೆರಳಿನಿಂದ ಒತ್ತಿ ಹೊಡೆದು, ಕಂಪನ ಸೇರಿಸಿ, ಇಲ್ಲದ ಹಾಡನ್ನು ಹುಟ್ಟಿಸಲು ಹೆಣಗುತ್ತಾರೆ. ಸೋರ್‌ನ ಗತಿಯಲ್ಲಿ ನುಡಿಸಿದರೆ ಈ ಹೆಣಗಾಟ ಬೇಕಾಗುವುದೇ ಇಲ್ಲ. ಸ್ವರಗಳು ತಾವಾಗಿ ಒಂದನ್ನೊಂದು ಮುಟ್ಟುತ್ತವೆ.

ಬಲಗೈಯ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ಸೋರ್ 1830ರ ತನ್ನ ಬೋಧನಗ್ರಂಥದಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನೇ ಮುಖ್ಯವಾಗಿ ಬಳಸಬೇಕೆಂದು ವಾದಿಸುತ್ತಾನೆ. ದುರ್ಬಲವಾದ ಉಂಗುರಬೆರಳನ್ನು ಅಗತ್ಯ ಬಿದ್ದಾಗ ಮಾತ್ರ ಕರೆಯುತ್ತಾನೆ. ಅವನು ಬರೆದ ಸ್ವರಗಳ ಹಂಚಿಕೆಯ ಹಿಂದೆ ಈ ಕೈಯ ಲೆಕ್ಕಾಚಾರವಿದೆ. ಹಾಗೆ ನುಡಿಸಲೇಬೇಕೆಂದು ನಾನು ಹೇಳುತ್ತಿಲ್ಲ. ಹಾಗೂ ನುಡಿಸಿ ನೋಡಬೇಕು, ಆಗ ಸಂಗೀತದ ಕಟ್ಟಡ ಬೇರೆಯದೇ ಆಗಿ ಕಾಣುತ್ತದೆ ಎನ್ನುತ್ತಿದ್ದೇನೆ. ಸಂಪಾದಕನ ಫಿಂಗರಿಂಗ್ ಅಚ್ಚಾಗಿ ಕಣ್ಣೆದುರು ಕೂತಿರುವಾಗ ವಿದ್ಯಾರ್ಥಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಎಡಗೈಯ ನಾಲ್ಕು ಬೆರಳಿಗೂ ಬಲಗೈಯ ನಾಲ್ಕು ಬೆರಳಿಗೂ ಯಾರೋ ಆಗಲೇ ಅಪ್ಪಣೆ ಕೊಟ್ಟಾಗಿದೆ. ಇವನದು ಪಾಲಿಸುವ ಕೆಲಸವಷ್ಟೇ.

ಗಿಟಾರಿನಲ್ಲಿ ಫಿಂಗರಿಂಗ್ ಎಂದರೆ ಅನುಕೂಲದ ಮಾತಲ್ಲ, ಅರ್ಥದ ಮಾತು. ಒಂದೇ ಸ್ವರ ಮೊದಲ ತಂತಿಯ ಖಾಲಿ ಮೀಟಿನಲ್ಲಿಯೂ ಸಿಗುತ್ತದೆ, ಎರಡನೆಯ ತಂತಿಯ ಐದನೆಯ ಫ್ರೆಟ್‌ನಲ್ಲಿಯೂ, ಮೂರನೆಯ ತಂತಿಯ ಒಂಬತ್ತನೆಯದರಲ್ಲಿಯೂ ಸಿಗುತ್ತದೆ. ಮೂರರ ಬಣ್ಣವೂ ಬೇರೆ. ಎಲ್ಲಿ ಹಿಡಿಯುತ್ತೀರಿ ಎಂಬುದು ನೀವು ಆ ಸಾಲನ್ನು ಹೇಗೆ ಓದಿಕೊಂಡಿದ್ದೀರಿ ಎಂಬುದರ ಉತ್ತರ. ಸೆಗೋವಿಯನ ಆಯ್ಕೆಗಳು ಅವನ ಓದಿನಿಂದ ಬಂದವು. ನಟನೊಬ್ಬನ ಹಾವಭಾವದಂತೆ ಅವನ ಮೈಗೆ ಒಗ್ಗಿದವು. ಶಿಷ್ಯರು ಅವನ್ನೇ ಎತ್ತಿಕೊಂಡಾಗ ಭಾವ ಹೋಗಿ ಹಾವ ಉಳಿಯಿತು. 1986ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಮಾಸ್ಟರ್‌ಕ್ಲಾಸಿನಲ್ಲಿ, ತನ್ನ ಫಿಂಗರಿಂಗನ್ನು ಬದಲಿಸಿಕೊಂಡು ಬಂದ ತರುಣನನ್ನು ವೃದ್ಧ ಸೆಗೋವಿಯ ಎಲ್ಲರೆದುರು ಗದರಿಸಿ ಎಬ್ಬಿಸಿ ಕಳಿಸಿದ ಪ್ರಸಂಗ ಗಿಟಾರ್ ಬಲ್ಲವರಿಗೆಲ್ಲ ಗೊತ್ತು. ಅದನ್ನು ಮುಪ್ಪಿನ ಸಿಡುಕೆಂದು ನಕ್ಕು ಮರೆಯುವವರಿದ್ದಾರೆ. ನನಗೆ ಅದು ಉದ್ಧಾರದ ಕಥೆಯ ತಾರ್ಕಿಕ ಕೊನೆಯಾಗಿಯೇ ಕಾಣುತ್ತದೆ. ಸಿಯೆನಾದಲ್ಲಿ ಆತನ ಬಳಿ ಕಲಿತ ಜಾನ್ ವಿಲಿಯಮ್ಸ್ ಅವರೇ ಮುಂದೆ ಈ ಅನುಕರಣೆಯ ಪಾಠಕ್ರಮವನ್ನು ಬಹಿರಂಗವಾಗಿ ಟೀಕಿಸಿದ್ದಾರೆ.

ಇನ್ನು ದನಿಯ ಗಾತ್ರ. ಗಿಟಾರಿನ ದನಿ ಚಿಕ್ಕದು. ಆದ್ದರಿಂದ ಅದನ್ನು ದೊಡ್ಡದು ಮಾಡಬೇಕು. ಈ 'ಆದ್ದರಿಂದ' ಎಲ್ಲಿಂದ ಬಂತು? ಸೋರ್ ಉಗುರಿಲ್ಲದೆ ಬೆರಳ ತುದಿಯ ಮಾಂಸದಿಂದ ಮೀಟುತ್ತಿದ್ದ. ಅವನ ಗೆಳೆಯ ದಿಯೊನಿಸಿಯೊ ಅಗ್ವಾದೊ ಉಗುರು ಬಳಸುತ್ತಿದ್ದ. ಪ್ಯಾರಿಸ್ಸಿನಲ್ಲಿ ಇಬ್ಬರೂ ಒಂದೇ ಕಟ್ಟಡದಲ್ಲಿ ವಾಸವಾಗಿದ್ದರು. ಸೋರ್ 'ಇಬ್ಬರು ಗೆಳೆಯರು' ಎಂಬ ಜೋಡಿ ಗಿಟಾರಿನ ಕೃತಿಯನ್ನು ಅವನಿಗಾಗಿಯೇ ಬರೆದ. ಉಗುರೋ ಮಾಂಸವೋ ಎಂಬುದು ಅವರಿಗೆ ಎರಡು ಬಗೆಯ ನಾದಗಳ ನಡುವಿನ ಆಯ್ಕೆ, ಸ್ನೇಹಕ್ಕೆ ಅಡ್ಡಬರದ ಭಿನ್ನಾಭಿಪ್ರಾಯ. ತಾರೆಗ ಕೊನೆಗಾಲದಲ್ಲಿ ಉಗುರು ಬಿಟ್ಟು ಮಾಂಸಕ್ಕೆ ಮರಳಿದ. ಅವನ ಶಿಷ್ಯ ಎಮಿಲಿಯೊ ಪುಜೋಲ್ ಅದೇ ಹಾದಿ ಹಿಡಿದು ಆ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಇಂದು ಈ ಆಯ್ಕೆ ವಿದ್ಯಾರ್ಥಿಯ ಮುಂದೆ ಬರುವುದೇ ಇಲ್ಲ. ಉಗುರು ಬೆಳೆಸು, ಉಜ್ಜು, ನುಣುಪು ಮಾಡು, ಅಷ್ಟೇ. ಬಟ್ಟೆ ಒಗೆದು, ಪಾತ್ರೆ ತಿಕ್ಕಿ, ಬಸ್ಸಿನ ಕಂಬಿ ಹಿಡಿದು ಬದುಕುವವರ ಉಗುರು ಪರೀಕ್ಷೆಯ ಹಿಂದಿನ ದಿನವೇ ಮುರಿಯುತ್ತದೆ. ಆಗ ಪಿಂಗ್‌ಪಾಂಗ್ ಚೆಂಡಿನ ಚೂರನ್ನು ಕತ್ತರಿಸಿ ಸೂಪರ್ ಗ್ಲೂ ಹಾಕಿ ಅಂಟಿಸಿಕೊಳ್ಳುವ ವಿದ್ಯೆ ಗಿಟಾರ್‌ವಾದಕರಿಗೆಲ್ಲ ಗೊತ್ತು. ಮನೆಯಲ್ಲಿ ನಾಲ್ಕು ಗೋಡೆಯ ನಡುವೆ ನುಡಿಸುವವರಿಗೆ ಈ ಸಂಕಟ ಯಾಕೆ ಎಂದು ಕೇಳಿದರೆ, ನಾದ ದೂರಕ್ಕೆ ಹೋಗಬೇಕು ಎಂಬ ಉತ್ತರ ಬರುತ್ತದೆ. ಎಷ್ಟು ದೂರಕ್ಕೆ? ಪಕ್ಕದ ಕೋಣೆಗೆ ಮಾಂಸದ ನಾದವೂ ಹೋಗುತ್ತದೆ.

ವಾದ್ಯ ಮಾಡುವವರನ್ನೂ ಇದೇ ಹಂಬಲ ಹಿಡಿದಿದೆ. 1862ರಲ್ಲಿ ತೋರ್ರೆಸ್ ಪಕ್ಕ ಮತ್ತು ಹಿಂಬದಿಯನ್ನು ರಟ್ಟಿನಿಂದ ಮಾಡಿ ಒಂದು ಗಿಟಾರ್ ಕಟ್ಟಿದ. ನಾದವೆಲ್ಲ ಮುಂದಿನ ತೆಳು ಹಲಗೆಯಲ್ಲಿದೆ ಎಂದು ತೋರಿಸುವುದು ಅವನ ಉದ್ದೇಶ. ಬ್ರೆಜಿಲ್ಲಿನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿಷೇಧ ಬಂದ ಮೇಲೆ, ನಮ್ಮ ಪಶ್ಚಿಮ ಘಟ್ಟದ ಬೀಟೆಯೇ ಜಗತ್ತಿನ ಬಹುಪಾಲು ಒಳ್ಳೆಯ ಗಿಟಾರುಗಳ ಬೆನ್ನಾಗಿದೆ. ಅದು ಹೆಮ್ಮೆಯ ಮಾತೇ, ಆದರೂ ತೋರ್ರೆಸ್‌ನ ರಟ್ಟಿನ ಗಿಟಾರನ್ನು ಮರೆಯುವಂತಿಲ್ಲ. ಮುಂದಿನ ಹಲಗೆಯನ್ನು ಇನ್ನಷ್ಟು ತೆಳುವಾಗಿಸಿ, ಅದರ ಹಿಂದೆ ಕಾರ್ಬನ್ ಫೈಬರಿನ ಜಾಲರಿ ಕಟ್ಟಿ, ದನಿ ಹೆಚ್ಚಿಸುವ ಪ್ರಯೋಗಗಳು ಈಚಿನ ದಶಕಗಳಲ್ಲಿ ನಡೆದಿವೆ. ದನಿ ನಿಜಕ್ಕೂ ಹೆಚ್ಚಿದೆ. ನನ್ನ ಕಿವಿಗೆ ಈ ವಾದ್ಯಗಳಲ್ಲಿ ಬಹುಪಾಲು ಒಂದೇ ಬಣ್ಣದಲ್ಲಿ ಮಾತಾಡುತ್ತವೆ. ಸೇತುವೆಯ ಹತ್ತಿರ ಮೀಟಿದರೆ ಸಿಗುವ ಚೂಪಿಗೂ ರಂಧ್ರದ ಮೇಲೆ ಮೀಟಿದರೆ ಸಿಗುವ ಮೆದುವಿಗೂ ನಡುವಿನ ಅಂತರ ಕಿರಿದಾಗಿದೆ. ತೋರ್ರೆಸ್ ಮಾದರಿಯ ವಾದ್ಯದಲ್ಲಿ ಈ ಅಂತರವೇ ಆಸ್ತಿ.

ಈ ಜಗಳ ಕನ್ನಡದ ಓದುಗರಿಗೆ ಹೊಸತೇನಲ್ಲ. ವೀಣೆಯ ಸುತ್ತ ಇದನ್ನೇ ಆಡಿದ್ದೇವೆ. ವೀಣೆ ಶೇಷಣ್ಣನವರೂ ತಾರೆಗನೂ ಹುಟ್ಟಿದ್ದು ಒಂದೇ ವರ್ಷ, 1852ರಲ್ಲಿ. ಇಬ್ಬರ ಸಂಗೀತವೂ ಹತ್ತಿರ ಕೂತವರಿಗೆ ಕೇಳುವ ಸಂಗೀತ. ಮುಂದೆ ವೀಣೆಗೆ ಕಾಂಟ್ಯಾಕ್ಟ್ ಮೈಕು ಬಂತು. ಗಮಕದ ಉಳಿಕೆ ಹೆಚ್ಚಿತೆಂದು ಕೆಲವರು ಮೆಚ್ಚಿದರು, ಮರದ ನಾದ ಹೋಯಿತೆಂದು ಕೆಲವರು ಮರುಗಿದರು. ಎರಡೂ ಪಕ್ಷಕ್ಕೆ ಹುರುಳಿತ್ತು. ಆದರೆ ವೀಣೆಯನ್ನು ಯಾರೋ ಉದ್ಧರಿಸಿದರೆಂದು ಮೈಸೂರಿನಲ್ಲಿ ಯಾರೂ ಹೇಳಲಿಲ್ಲ. ಸಣ್ಣ ದನಿ ಅಲ್ಲಿ ಅವಮಾನವಾಗಿರಲಿಲ್ಲ. ಗಿಟಾರಿನವರಿಗೆ ಈ ನೆಮ್ಮದಿಯೇ ಇಲ್ಲ.

ಇವೆಲ್ಲ ಒಟ್ಟುಗೂಡಿ ಕಲಿಯುವವರ ಮೇಲೆ ಬೀಳುವುದನ್ನು ಬೆಂಗಳೂರಿನಂಥ ಊರಿನಲ್ಲಿ ಕಾಣಬಹುದು. ಇಲ್ಲಿ ಲಂಡನ್ನಿನ ಮಂಡಳಿಗಳ ಗ್ರೇಡ್ ಪರೀಕ್ಷೆಗಳು ನಡೆಯುತ್ತವೆ. ಅವು ಇಲ್ಲದಿದ್ದರೆ ಸ್ಟಾಫ್ ನೊಟೇಶನ್ ಓದುವ ಮಕ್ಕಳೇ ಇರುತ್ತಿರಲಿಲ್ಲವೇನೋ. ಪಠ್ಯಪಟ್ಟಿಗಳೂ ಈಗ ಸಾಕಷ್ಟು ಉದಾರವಾಗಿವೆ. ಆದರೆ ಮಗುವಿನ, ಅದರ ತಂದೆತಾಯಿಯ, ಎಷ್ಟೋ ಸಲ ಮೇಷ್ಟರ ಕಣ್ಣು ಇರುವುದು ಮೇಲಿನ ಮೆಟ್ಟಿಲ ಮೇಲೆ. 'ರೊಮಾನ್ಸ್' ಯಾವಾಗ ಬರುತ್ತದೆ, 'ಆಸ್ತೂರಿಯಾಸ್' ಯಾವಾಗ, ಅಲ್ಹಾಂಬ್ರದ ಟ್ರೆಮೊಲೊ ಯಾವಾಗ? 1952ರ ಫ್ರೆಂಚ್ ಸಿನಿಮಾವೊಂದರಲ್ಲಿ ನಾರ್ಸಿಸೊ ಯೆಪೆಸ್ ನುಡಿಸಿ ಮನೆಮಾತು ಮಾಡಿದ ಆ 'ರೊಮಾನ್ಸ್'ನ ಮೈನರ್ ಭಾಗ ಗಿಟಾರ್ ಹಿಡಿದ ಎಲ್ಲರಿಗೂ ಬರುತ್ತದೆ. ಮೇಜರ್ ಭಾಗದಲ್ಲಿ ಬಾರೆ ಹಿಡಿದು ಕಿರುಬೆರಳನ್ನು ಚಾಚಬೇಕಾದ ಜಾಗ ಬಂದಾಗ ಹೆಚ್ಚಿನವರು ಮೊದಲ ಭಾಗಕ್ಕೇ ವಾಪಸ್ಸಾಗುತ್ತಾರೆ. 'ಆಸ್ತೂರಿಯಾಸ್' ಆಲ್ಬೆನಿಸ್ ಪಿಯಾನೊಗೆ ಬರೆದದ್ದು. ಅದು ಗಿಟಾರಿನ ಗುರುತಾಗಿರುವುದರಲ್ಲೇ ಸಭಾಂಗಣದ ಆಸೆಯ ಕಥೆಯೆಲ್ಲ ಇದೆ. ಮೂರು ಕೃತಿಗಳೂ ಚೆಂದವೇ. ಅವನ್ನು ಗುರಿಯಾಗಿಟ್ಟು ಓಡಿದವರು ಮಾತ್ರ ಕೆಲವೇ ವರ್ಷಗಳಲ್ಲಿ ವಾದ್ಯವನ್ನು ಅಟ್ಟಕ್ಕೇರಿಸುತ್ತಾರೆ. ಕಾರಣ ಸೋಮಾರಿತನವಲ್ಲ. ವೇದಿಕೆಗೆ ಹೋಗದಿದ್ದರೆ ನುಡಿಸುವುದಕ್ಕೆ ಅರ್ಥವಿಲ್ಲ ಎಂದು ಅವರಿಗೆ ಮೊದಲ ಪಾಠದಲ್ಲೇ ಕಲಿಸಿಯಾಗಿದೆ.

ಇಲ್ಲಿ ನನ್ನ ವಾದಕ್ಕೆ ಬರುವ ಅತಿ ಗಟ್ಟಿ ಆಕ್ಷೇಪವನ್ನು ಎತ್ತಿಕೊಳ್ಳಬೇಕು. ಕೋಣೆ, ಕೋಣೆ ಎನ್ನುತ್ತೀರಿ. ಕೋಣೆಯಲ್ಲಿ ಯಾರೂ ತಪ್ಪು ಎಣಿಸುವುದಿಲ್ಲ. ತೊಡಕು ಬಂದಲ್ಲಿ ನಿಂತು, ಮತ್ತೆ ಮೊದಲಿನಿಂದ ಶುರುಮಾಡಿ, ಹತ್ತು ವರ್ಷ ಅದೇ ಹತ್ತು ಸಾಲು ನುಡಿಸಿಕೊಂಡಿರುವ ಹವ್ಯಾಸಿಗಳನ್ನು ನೋಡಿಲ್ಲವೇ? ವೇದಿಕೆಯ ಭಯವೇ ಶಿಸ್ತಿನ ತಾಯಿ. ಸೆಗೋವಿಯ ತೆಗೆದುಹಾಕಿದ್ದು ಈ ಅಡ್ಡಾದಿಡ್ಡಿತನವನ್ನು.

ಹವ್ಯಾಸಿಗಳ ಈ ಚಿತ್ರ ಸುಳ್ಳಲ್ಲ. ಆದರೆ ಶಿಸ್ತಿನ ಮೂಲ ವೇದಿಕೆ ಎಂಬುದನ್ನು ನಾನು ಒಪ್ಪುವುದಿಲ್ಲ, ಮತ್ತು ನನ್ನ ಸಾಕ್ಷಿ ಸೆಗೋವಿಯ ಕೈಬಿಟ್ಟ ಆ ಓಪಸ್ 60. ಸೋರ್ ಬದುಕಿನ ಕೊನೆಯ ವರ್ಷಗಳಲ್ಲಿ ಬರೆದ ಇಪ್ಪತ್ತೈದು ಪಾಠಗಳು. ಮೊದಲನೆಯದರಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಅಷ್ಟು ಬರಿದು. ಅದನ್ನು ನುಡಿಸುವುದು ಯಾರಿಗೂ ಆಗುತ್ತದೆ, ಚೆನ್ನಾಗಿ ನುಡಿಸುವುದು ಬಹಳ ಜನಕ್ಕೆ ಆಗುವುದಿಲ್ಲ. ಅಡಗಿಕೊಳ್ಳಲು ಅಲ್ಲಿ ಜಾಗವೇ ಇಲ್ಲ. ಒಂದು ಬೆರಳನ್ನು ಎತ್ತುವ ಮೊದಲೇ ಇನ್ನೊಂದು ಕೂರಬೇಕು, ಇಲ್ಲವಾದರೆ ನಡುವೆ ಬಿರುಕು ಕೇಳುತ್ತದೆ. ಎರಡನೆಯ ಎಳೆ ಬಂದ ಮೇಲೆ, ಮೌನ ಎಂದು ಬರೆದಲ್ಲಿ ಹೆಬ್ಬೆರಳು ಹಿಂದಿರುಗಿ ಮಂದ್ರ ತಂತಿಯನ್ನು ಮುಟ್ಟಿ ನಿಲ್ಲಿಸಬೇಕು, ಇಲ್ಲವಾದರೆ ಹಳೆಯ ಸ್ವರ ಹೊಸದರ ಮೇಲೆ ಕೊಳೆಯಂತೆ ಹರಡುತ್ತದೆ. 'ಆಸ್ತೂರಿಯಾಸ್'ನ ಬಿರುಗಾಳಿಯಲ್ಲಿ ಇಂಥ ಹತ್ತು ತಪ್ಪು ತೇಲಿ ಹೋಗುತ್ತವೆ. ಸೋರ್‌ನ ಆರನೆಯದೋ ಏಳನೆಯದೋ ಪಾಠದಲ್ಲಿ ಒಂದೂ ಹೋಗುವುದಿಲ್ಲ. ಕಿವಿ ಚುರುಕಾಗಿದ್ದವನಿಗೆ ಕೋಣೆಗಿಂತ ಕಠೋರವಾದ ಸಭಾಂಗಣ ಬೇರೆ ಬೇಕಿಲ್ಲ. ಆ ಕಿವಿಯನ್ನು ಬೆಳೆಸದೆ ಟ್ರೆಮೊಲೊದ ವೇಗ ಬೆಳೆಸಿದ್ದು ಹವ್ಯಾಸಿಯ ತಪ್ಪಲ್ಲ, ಪಾಠಕ್ರಮದ್ದು.

ಇನ್ನೊಂದು ಮಾತೂ ಇದೆ. ವೇದಿಕೆಯ ಲೆಕ್ಕದಲ್ಲಿ ಗಿಟಾರಿನ ಸಾಹಿತ್ಯ ತೆಳು, ಪಿಯಾನೊದ ಮುಂದೆ ಬಡವ ಎಂಬ ಕೊರಗು ನಮ್ಮವರಲ್ಲೇ ಇದೆ. ಪಿಯಾನೊದ ಸೊನಾಟಾಗಳಿಗೆ ಎದುರಾಗಿ ಗಿಟಾರಿನ ಸೊನಾಟಾಗಳನ್ನಿಟ್ಟು ತೂಗಿದರೆ ಕೊರಗು ಸರಿಯೇ. ಆದರೆ ಕಲಿಯುವವರ ಕೈಗೆಂದೇ ಬರೆದು, ಒಂದೊಂದು ಪುಟದಲ್ಲಿ ಪೂರ್ಣ ಸಂಗೀತವಾಗಿ ನಿಲ್ಲುವ ಚಿಕ್ಕ ಕೃತಿಗಳ ಸಂಪತ್ತಿನಲ್ಲಿ ಗಿಟಾರ್ ಯಾರಿಗೂ ಸಾಲ ಕೇಳಬೇಕಾಗಿಲ್ಲ. ಸೋರ್ ಒಬ್ಬನದೇ 121. ಜೊತೆಗೆ ಜೂಲಿಯಾನಿ, ಕಾರ್ಕಾಸಿ, ಅಗ್ವಾದೊ. ನಮ್ಮ ಕಾಲದ ಹತ್ತಿರಕ್ಕೆ ಬಂದರೆ ಕ್ಯೂಬಾದ ಲಿಯೊ ಬ್ರೌವರ್‌ನ ಇಪ್ಪತ್ತು ಸರಳ ಎಟ್ಯೂಡ್‌ಗಳು, ಪೊನ್ಸೆಯ ಪುಟ್ಟ ಪ್ರೆಲ್ಯೂಡ್‌ಗಳು. ಉದ್ಧಾರದ ಕಥೆ ಇವನ್ನೆಲ್ಲ ಮೆಟ್ಟಿಲು ಎನ್ನುತ್ತದೆ: ಹತ್ತಿ ಹಿಂದೆ ಬಿಡಬೇಕಾದವು. ನನ್ನ ಪ್ರಕಾರ ಇವೇ ಈ ವಾದ್ಯದ ಕೇಂದ್ರ ಸಾಹಿತ್ಯ. ಕಛೇರಿಯ ದೊಡ್ಡ ಕೃತಿಗಳು ಇದರಿಂದ ಚಾಚಿದ ಕೊಂಬೆಗಳು.

ಹಾಗಾಗಿ ಪಾಠ ಹೇಳುವವರ ಮುಂದೆ ನನ್ನ ಬೇಡಿಕೆಗಳು ಸರಳ. ಸೆಗೋವಿಯನ ಇಪ್ಪತ್ತನ್ನು ಕಪಾಟಿನಿಂದ ತೆಗೆಯಬೇಡಿ. ಒಬ್ಬ ಮಹಾ ಕಲಾವಿದ ಸೋರ್‌ನನ್ನು ಓದಿದ ರೀತಿಯೆಂದು, ಹಿಂದೂಸ್ತಾನಿಯವರು ಒಂದು ಘರಾಣೆಯ ಬಂದಿಶನ್ನು ಕಲಿಸುವಂತೆ, ಹೆಸರು ಹೇಳಿ ಕಲಿಸಿ. ಅದಕ್ಕೂ ಮೊದಲು ಓಪಸ್ 60ನ್ನು, 44ನ್ನು, 31ರ ಮೊದಲ ಹದಿನೈದನ್ನು ಕೊಡಿ. ಫಿಂಗರಿಂಗ್ ಇಲ್ಲದ ಪ್ರತಿಯನ್ನು ಕೊಟ್ಟು ಪೆನ್ಸಿಲ್ಲಿನಿಂದ ವಿದ್ಯಾರ್ಥಿಯೇ ಬರೆದುಕೊಳ್ಳಲಿ. ಯಾಕೆ ಅಲ್ಲಿ ಹಿಡಿದೆ ಎಂದು ಕೇಳಿ. ಬ್ರಯನ್ ಜೆಫ್ರಿಯವರಂಥ ವಿದ್ವಾಂಸರು ಸೋರ್‌ನ ಮೂಲ ಮುದ್ರಣಗಳನ್ನು ಹಾಗೆಯೇ ಮತ್ತೆ ಹೊರತಂದಿರುವಾಗ ಮೂಲ ಸಿಗುವುದಿಲ್ಲವೆಂಬ ನೆಪ ಉಳಿದಿಲ್ಲ. ಉಗುರು ಬೆಳೆಸಿ ಎಂದು ಹೇಳುವ ಮೊದಲು, ಮಾಂಸದಿಂದಲೂ ಮೀಟಬಹುದು, ದೊಡ್ಡವರು ಮೀಟಿದ್ದಾರೆ ಎಂದು ಹೇಳಿ.

ಸಭಾಂಗಣಕ್ಕೆ ಹೋಗಬಲ್ಲವರು ಹೋಗಲಿ, ಅವರನ್ನು ಟಿಕೆಟ್ಟು ಕೊಂಡು ಕೇಳುವವರಲ್ಲಿ ನಾನೂ ಒಬ್ಬ. ಆದರೆ ಆ ಸಭಾಂಗಣ ತುಂಬಬೇಕಾದರೂ, ಒಂದು ಮಂದ್ರ ಸ್ವರವನ್ನು ಪೂರ್ತಿ ಹೊತ್ತು ಹಿಡಿದಿಡುವುದು ಎಷ್ಟು ಕಷ್ಟವೆಂದು ತಮ್ಮ ಕೈಯಿಂದಲೇ ಅರಿತ ಕೇಳುಗರು ಬೇಕು. ಅಂಥವರನ್ನು ತಯಾರಿಸುವುದು ವೇದಿಕೆಯಲ್ಲ, ಮನೆಯ ಅಭ್ಯಾಸ. ಸೆಗೋವಿಯನಿಗೆ ಸಭಿಕರನ್ನು ಒದಗಿಸಿಕೊಟ್ಟವರೂ ಇಂಥ ಮನೆಗಳಲ್ಲಿ ಹೆಸರಿಲ್ಲದೆ ನುಡಿಸಿಕೊಂಡಿದ್ದವರೇ. ಉದ್ಧಾರದ ಕಥೆ ಅವರನ್ನು ಎಣಿಸುವುದಿಲ್ಲ. ಇತಿಹಾಸ ಎಣಿಸಬೇಕು, ಪಠ್ಯಕ್ರಮ ಅವರಿಂದ ಶುರುವಾಗಬೇಕು.